ಸಂದ್ಯಾಗಪ್ಪನ ಬಲಗಾಲು

ಜಾಲಿದೊಡ್ಡಿಯಲ್ಲಿ ಸಂದ್ಯಾಗಪ್ಪ ಎಂಬ ಟೈಲರ್ ಇದ್ದ. ಅವನು ಹೊಲಿದ ಅಂಗಿಯ ಕಾಲರು ಎಷ್ಟು ಒಗೆತ ಕಂಡರೂ ಸೋಲುತ್ತಿರಲಿಲ್ಲ. ಊರಿನ ಕ್ರೈಸ್ತರ ಸಂತ ಅನ್ನಮ್ಮನವರ ಗುಡಿಯ ಬಲಿಪೀಠಕ್ಕೆ ಹಾಸುವ ಬಟ್ಟೆ, ಗುರುಗಳು ತೊಡುವ ಪೂಜಾವಸ್ತ್ರ, ಪೂಜೆಗೆ ನೆರವಾಗುವ ಪೀಠದ ಮಕ್ಕಳ ಬಿಳಿ ನಿಲುವಂಗಿ, ಎಲ್ಲವೂ ಅವನ ಕೈಯಲ್ಲೇ ಆಗಬೇಕು. ಗುಡಿಯ ಹಿರಿಯನೂ ಅವನೇ. ಭಾನುವಾರದ ಪೂಜೆಗೆ ಅರ್ಧ ಗಂಟೆ ಮೊದಲೇ ಬಂದು, ಬೆಂಚುಗಳ ಸಾಲು ನೇರವಾಗಿದೆಯೋ ಇಲ್ಲವೋ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಹೂದಾನಿಯಲ್ಲಿ ಬಾಡಿದ ಹೂವು ಕಂಡರೆ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ.

"ದೇವರ ಮನೆ ಕಣ್ರಪ್ಪಾ. ಕಣ್ಣಿಗೆ ಚೆಂದ ಇರ್ಬೇಕು" ಎನ್ನುವುದು ಅವನ ಮಾತು.

ತಪ್ಪೇನಿಲ್ಲ, ಮಕ್ಕಳೇ. ದೇವರ ಮನೆ ಚೆಂದವಾಗಿಯೇ ಇರಬೇಕು. ಆದರೆ ಚೆಂದ ಹುಡುಕಿ ಹುಡುಕಿ ಸಂದ್ಯಾಗಪ್ಪನ ಕಣ್ಣಿಗೆ ಒಂದು ಚಾಳಿ ಹತ್ತಿಬಿಟ್ಟಿತ್ತು. ಮನುಷ್ಯರನ್ನೂ ಅವನು ಬಟ್ಟೆ ನೋಡಿದ ಹಾಗೇ ನೋಡುತ್ತಿದ್ದ. ಎಲ್ಲಿ ಸುಕ್ಕು, ಎಲ್ಲಿ ಕಲೆ, ಎಲ್ಲಿ ಹರಿದಿದೆ ಎಂದು.

ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಮೊದಲೇ ಹೇಳಿಬಿಡುತ್ತೇನೆ. ಸಂದ್ಯಾಗಪ್ಪನೂ ಕೆಟ್ಟವನಲ್ಲ.

ಆ ವರ್ಷ ಪಾಸ್ಕ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾದ ವಾರದಲ್ಲಿ ಅಂಗಡಿಯ ನೆಲಕ್ಕೆ ಬಿದ್ದಿದ್ದ ಒಂದು ಗುಂಡುಸೂಜಿ ಅವನ ಬಲಗಾಲಿನ ಅಡಿಗೆ ಚುಚ್ಚಿಕೊಂಡಿತು. ಅವನಿಗೆ ಗೊತ್ತೇ ಆಗಲಿಲ್ಲ. ಹತ್ತು ವರ್ಷದ ಸಕ್ಕರೆ ಕಾಯಿಲೆ ಅವನದು. ಆ ಕಾಯಿಲೆ ಹಳೆಯದಾದರೆ ಕಾಲಿಗೆ ನೋವೇ ತಿಳಿಯದ ಹಾಗೆ ಆಗುತ್ತದೆ. ಮೂರು ದಿನದ ಮೇಲೆ ಸ್ನಾನ ಮಾಡುವಾಗ ನೋಡಿದರೆ ಹೆಬ್ಬೆರಳ ಬುಡದಲ್ಲಿ ಕೀವು. ಇನ್ನೊಂದು ವಾರಕ್ಕೆ ಅದು ಹುಣ್ಣಾಯಿತು. ಪಕ್ಕದ ಬೆರಳಿಗೂ ಹಬ್ಬಿತು. ಬೆರಳಿನ ಬಣ್ಣ ಬದಲಾಗತೊಡಗಿತು.

ಅವನ ಹೆಂಡತಿ ಅಗ್ನೇಸಮ್ಮ ಹೆದರಿದಳು. "ರೀ, ಈಗಲೇ ಪೇಟೆ ಆಸ್ಪತ್ರೆಗೆ ಹೋಗಣ. ಇದು ಸಣ್ಣದಲ್ಲ."

"ಪಾಸ್ಕ ಹಬ್ಬ ಮುಗೀಲಿ" ಎಂದ ಸಂದ್ಯಾಗಪ್ಪ.

"ಹಬ್ಬಕ್ಕೂ ಕಾಲಿಗೂ ಏನ್ರೀ ಸಂಬಂಧ?"

"ಡಾಕ್ಟ್ರು ಇಷ್ಟು ದಪ್ಪ ಬ್ಯಾಂಡೇಜು ಸುತ್ತಿ ಮಲಗಿಸಿಬಿಡ್ತಾರೆ. ಪವಿತ್ರ ವಾರದಲ್ಲಿ ಗುಡಿ ಯಾರು ನೋಡ್ಕೋತಾರೆ? ನಾನು ಕುಂಟ್ಕೊಂಡು ಮುಂದೆ ನಿಂತ್ರೆ ಜನ ಏನಂತಾರೆ?"

ಅವನು ಹುಣ್ಣಿಗೆ ಮುಲಾಮು ಸವರಿ, ಹತ್ತಿ ಇಟ್ಟು, ಮೇಲೆ ಕಾಲುಚೀಲ ಎಳೆದು, ಕಪ್ಪು ಬೂಟು ಹಾಕಿ ಪಾಲಿಶ್ ಮಾಡಿದ. ವಾಸನೆ ಬರಬಾರದೆಂದು ಕಾಲುಚೀಲಕ್ಕೆ ಅತ್ತರು ಹಚ್ಚಿದ. ಯಾರಿಗೂ ಹೇಳಕೂಡದು ಎಂದು ಹೆಂಡತಿಯಿಂದ ಮಾತು ತೆಗೆದುಕೊಂಡ. ಹೊರಗಿನಿಂದ ನೋಡಿದರೆ ಊರಿನಲ್ಲೆಲ್ಲ ಅವನ ಕಾಲೇ ಚೆಂದ.

ಆ ಊರಿಗೆ ಫಾದರ್ ಕ್ಲೆಮೆಂಟ್ ಎಂಬ ಹೊಸ ಗುರುಗಳು ಬಂದು ಎಂಟು ತಿಂಗಳಾಗಿತ್ತು. ವಯಸ್ಸು ಚಿಕ್ಕದು. ಪಾಸ್ಕಕ್ಕೆ ಮುಂಚಿನ ಪವಿತ್ರ ವಾರ ಜಾಲಿದೊಡ್ಡಿಯಲ್ಲಿ ಅವರಿಗೆ ಅದೇ ಮೊದಲು. ಆ ವಾರ ಶುರುವಾಗುವ ಗರಿಗಳ ಭಾನುವಾರದ ಪೂಜೆ ಮುಗಿದ ಮೇಲೆ ಅವರು ಸಂದ್ಯಾಗಪ್ಪನನ್ನು ಕರೆದರು.

"ಗುರುವಾರ ಪಾದ ತೊಳೆಯೋದಕ್ಕೆ ಹನ್ನೆರಡು ಜನ ಬೇಕು. ಗಂಡಸರು, ಹೆಂಗಸರು ಇಬ್ಬರೂ ಇರಲಿ. ಎಲ್ಲ ಬೀದಿಯವರೂ ಇರಲಿ. ಒಂದು ಹೆಸರು ನಾನೇ ಹೇಳ್ತೀನಿ. ಇಟ್ಟಿಗೆ ಗೂಡಿನ ಕತ್ರಿನಮ್ಮ. ಉಳಿದವರನ್ನ ನೀವು ಆರಿಸಿ."

ಪವಿತ್ರ ಗುರುವಾರದ ಸಂಜೆ ಗುರುಗಳು ಹನ್ನೆರಡು ಜನರ ಮುಂದೆ ಮಂಡಿಯೂರಿ ಅವರ ಪಾದ ತೊಳೆಯುತ್ತಾರೆ, ನಿಮಗೆ ಗೊತ್ತಲ್ಲ. ತಾವು ಸಾಯುವ ಹಿಂದಿನ ರಾತ್ರಿ ಯೇಸುಸ್ವಾಮಿ ತಮ್ಮ ಶಿಷ್ಯರ ಕಾಲು ತೊಳೆದರು. ಯಜಮಾನರಾದವರು ಆಳಿನ ಕೆಲಸ ಮಾಡಿದರು. ಅದರ ನೆನಪಿಗೆ ಇದು. ಪ್ರತಿವರ್ಷ ಮೊದಲ ಕುರ್ಚಿ ಸಂದ್ಯಾಗಪ್ಪನದೇ. ಈ ಸಲ ಅವನು, "ನನ್ನ ಜಾಗ ಬೇರೆಯೋರಿಗೆ ಕೊಟ್ಟಿದೀನಿ ಸ್ವಾಮಿ" ಎಂದ. ಎಂಥ ವಿನಯ ಎಂದು ಊರು ಹೊಗಳಿತು. ಕಾಲುಚೀಲದ ಒಳಗೇನಿದೆ ಎನ್ನುವುದು ಅಗ್ನೇಸಮ್ಮನಿಗೆ ಮಾತ್ರ ಗೊತ್ತು.

ಇನ್ನು ಕತ್ರಿನಮ್ಮನ ವಿಷಯ ಹೇಳಬೇಕು. ಚಿಕ್ಕಂದಿನಲ್ಲಿ ಸಿಡುಬು ಬಂದು ಅವಳ ಮುಖದ ತುಂಬ ಕುಳಿಗಳಾಗಿದ್ದವು. ಎಡಗಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು. ಅವಳನ್ನು ಮದುವೆಯಾಗಲು ಯಾರೂ ಬರಲಿಲ್ಲ. ಹಿಂದೆ ಊರಿನಲ್ಲಿ ಕನ್ಯಾಸ್ತ್ರೀಯರ ಒಂದು ದವಾಖಾನೆ ಇತ್ತು. ಅಲ್ಲಿ ಇಪ್ಪತ್ತು ವರ್ಷ ಆಯಾ ಆಗಿ, ಹುಣ್ಣು ತೊಳೆದು ಪಟ್ಟಿ ಕಟ್ಟುವ ಕೆಲಸ ಮಾಡಿದಳು. ದವಾಖಾನೆ ಮುಚ್ಚಿತು. ಹೊಟ್ಟೆಪಾಡಿಗೆ ಇಟ್ಟಿಗೆ ಗೂಡಿಗೆ ಸೇರಿ ಮಣ್ಣು ತುಳಿಯತೊಡಗಿದಳು. ದಿನವಿಡೀ ಒದ್ದೆ ಮಣ್ಣಿನಲ್ಲಿ ನಿಂತು ಅವಳ ಹಿಮ್ಮಡಿ ಒಣಗಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ಎಷ್ಟು ಉಜ್ಜಿದರೂ ಬಿರುಕಿನೊಳಗಿನ ಕೆಂಪು ಮಣ್ಣು ಹೋಗುತ್ತಿರಲಿಲ್ಲ. ಆದರೆ ಹಳೆಯ ಕೆಲಸವನ್ನು ಅವಳು ಬಿಟ್ಟಿರಲಿಲ್ಲ. ಬೆಳಿಗ್ಗೆ ಗೂಡಿಗೆ ಹೋಗುವ ಮುಂಚೆ, ಹಾಸಿಗೆ ಹಿಡಿದವರ ಮನೆಗೆ ಹೋಗಿ ಗಾಯ ತೊಳೆದು ಬರುತ್ತಿದ್ದಳು. ಯಾವ ಜಾತಿ, ಯಾವ ದೇವರು ಎಂದು ಕೇಳುತ್ತಿರಲಿಲ್ಲ.

ಬುಧವಾರ ಸಂಜೆ ಸಂದ್ಯಾಗಪ್ಪ ಹನ್ನೆರಡು ಜನರನ್ನೂ ಗುಡಿಯ ಅಂಗಳಕ್ಕೆ ಕರೆಸಿದ. ಈ ವರ್ಷ ಪೂಜೆಯನ್ನು ಮೊಬೈಲಿನಲ್ಲಿ ನೇರವಾಗಿ ತೋರಿಸುವ ಏರ್ಪಾಡಾಗಿತ್ತು. ಕುವೈತಿನಲ್ಲಿ ಕೆಲಸಕ್ಕಿರುವ ಊರವರೆಲ್ಲ ನೋಡುವವರಿದ್ದರು. ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿ, ಚಪ್ಪಲಿ ಬಿಡಿಸಿ, ಒಬ್ಬೊಬ್ಬರ ಕಾಲನ್ನೂ ನೋಡುತ್ತ ಬಂದ.

"ನೀನು ಉಗುರು ಕತ್ತರಿಸ್ಕೊಂಡು ಬಾ... ನಿಂದು ಪರವಾಗಿಲ್ಲ... ನೀನು ಬಿಳಿ ಪಂಚೆ ಉಟ್ಕೊಂಡು ಬಾ, ಲುಂಗಿ ಬೇಡ..."

ಕೊನೆಯಲ್ಲಿ ಕತ್ರಿನಮ್ಮ ಕೂತಿದ್ದಳು. ಗೂಡಿನಿಂದ ನೇರವಾಗಿ ಬಂದಿದ್ದಳು. ಆದರೂ ದಾರಿಯಲ್ಲಿ ಬೋರ್‌ವೆಲ್ ಹತ್ತಿರ ನಿಂತು ಕಾಲು ತೊಳೆದುಕೊಂಡು ಬಂದಿದ್ದಳು. ಸಂದ್ಯಾಗಪ್ಪ ಅವಳ ಕಾಲನ್ನು ನೋಡಿದ. ಮುಖವನ್ನು ನೋಡಿದ. ಮತ್ತೆ ಕಾಲನ್ನು ನೋಡಿದ.

"ಕತ್ರಿನಮ್ಮ, ತಪ್ಪು ತಿಳ್ಕೋಬೇಡ. ನೀನು ಈ ಸಲ ಬೇಡ."

ಅವಳು ಅವನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಆದರೂ ಗುಡಿಯ ಹಿರಿಯ ಎಂದು 'ಅಣ್ಣ' ಎನ್ನುತ್ತಿದ್ದಳು. "ಯಾಕಣ್ಣ?" ಎಂದಳು.

"ವೀಡಿಯೊ ತೆಗೀತಾರಮ್ಮ. ಹತ್ತಿರದಿಂದ ತೋರಿಸ್ತಾರೆ. ನಿನ್ನ ಕಾಲು ನೋಡು, ಹೆಂಗಿದೆ."

"ಕಾಲು ತೊಳೆಯೋಕೆ ತಾನೇ ಕರೆದಿರೋದು? ತೊಳ್ಕೊಂಡು ಚೆಂದ ಮಾಡ್ಕೊಂಡು ಬಂದ ಕಾಲನ್ನ ಸ್ವಾಮೇರು ಮತ್ತೆ ಯಾಕೆ ತೊಳೀಬೇಕಣ್ಣ?"

ಬೆಂಚಿನಲ್ಲಿದ್ದ ಇಬ್ಬರು ಮುಸಿಮುಸಿ ನಕ್ಕರು. ಸಂದ್ಯಾಗಪ್ಪನಿಗೆ ರೇಗಿತು. "ವಾದ ಮಾಡ್ಬೇಡ. ನಿನ್ನ ಬದಲು ಶರ್ಲಿ ಟೀಚರ್ ಕೂತ್ಕೋತಾರೆ. ನೀನು ಹಿಂದಿನ ಬೆಂಚಲ್ಲಿ ಕೂತು ಪ್ರಾರ್ಥನೆ ಮಾಡು. ದೇವರಿಗೆ ಎಲ್ಲಾ ಒಂದೇ."

ಕತ್ರಿನಮ್ಮನಿಗೆ ನೋವಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಗುರುಗಳು ತನ್ನ ಹೆಸರು ಹೇಳಿದರು ಎಂದು ಕೇಳಿದಾಗಿನಿಂದ ಅವಳು ಮೂರು ದಿನ ಹಿಗ್ಗಿದ್ದಳು. ಗೂಡಿನಲ್ಲಿ ಜೊತೆಯವರಿಗೆಲ್ಲ ಹೇಳಿಕೊಂಡಿದ್ದಳು. ಈಗ ಎದ್ದು, ತಲೆ ತಗ್ಗಿಸಿ, ಸೆರಗು ಹೊದ್ದುಕೊಂಡು ಅವನ ಪಕ್ಕದಿಂದಲೇ ಹೊರಟಳು.

ಎರಡು ಹೆಜ್ಜೆ ಹೋಗಿ ನಿಂತಳು. ಅತ್ತರಿನ ಘಮ ಮೂಗಿಗೆ ಬಡಿದಿತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ. ಇಪ್ಪತ್ತು ವರ್ಷ ದವಾಖಾನೆಯಲ್ಲಿ ಕೆಲಸ ಮಾಡಿದವಳಿಗೆ ಆ ವಾಸನೆ ಏನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅವಳು ಕೆಳಗೆ ನೋಡಿದಳು. ಸಂದ್ಯಾಗಪ್ಪನ ಬಲಬೂಟು ಎಡಬೂಟಿಗಿಂತ ಊದಿಕೊಂಡ ಹಾಗಿತ್ತು. ಲೇಸನ್ನು ಬಿಗಿಯಾಗಿ ಕಟ್ಟಲು ಆಗಿರಲಿಲ್ಲ.

ಈಗ ನೋಡಿ ಮಕ್ಕಳೇ. ಅಂಗಳದಲ್ಲಿ ಹನ್ನೊಂದು ಜನ ಇದ್ದರು. ಎಲ್ಲರ ಮುಂದೆ ಅವನು ಅವಳ ಕಾಲನ್ನು ಹಳಿದಿದ್ದ. ಒಂದೇ ಒಂದು ಮಾತು ಜೋರಾಗಿ ಹೇಳಿದ್ದರೆ ಸಾಕಿತ್ತು. 'ಮೊದಲು ನಿನ್ನ ಬೂಟು ಬಿಚ್ಚಪ್ಪಾ' ಎಂದಿದ್ದರೆ ಸಾಕಿತ್ತು. ಆಮೇಲೆ ಅವನು ಮುಖ ಎತ್ತಿ ಓಡಾಡುವ ಹಾಗಿರುತ್ತಿರಲಿಲ್ಲ.

ಕತ್ರಿನಮ್ಮ ಹತ್ತಿರ ಬಂದಳು. ಬೇರೆ ಯಾರಿಗೂ ಕೇಳದ ಹಾಗೆ ಪಿಸುದನಿಯಲ್ಲಿ ಹೇಳಿದಳು. "ಅಣ್ಣ, ಬಲಗಾಲಲ್ಲಿ ಹುಣ್ಣಿದೆ. ಕೊಳೀತಾ ಇದೆ. ಇವತ್ತೇ ಆಸ್ಪತ್ರೆಗೆ ಹೋಗಿ. ಇಲ್ಲಾಂದ್ರೆ ನಾನು ಮನೆಗೆ ಬಂದು ನೋಡ್ತೀನಿ."

ಸಂದ್ಯಾಗಪ್ಪನ ಮುಖ ಬಿಳಿಚಿತು. "ಯಾರ್ ಹೇಳಿದ್ದು ನಿಂಗೆ? ಏನೂ ಇಲ್ಲ. ಬರೋದೂ ಬೇಡ ನೀನು. ಹೋಗು."

ಅವಳು ಹೋದಳು.

ಆ ಸಂಜೆ ಫಾದರ್ ಕ್ಲೆಮೆಂಟ್ ಪಟ್ಟಿ ನೋಡಿ ಕೇಳಿದರು. "ಕತ್ರಿನಮ್ಮನ ಹೆಸರೇ ಇಲ್ವಲ್ಲ?"

"ಗೂಡಲ್ಲಿ ಕೆಲಸ ಇದೆಯಂತೆ ಸ್ವಾಮಿ. ಬರೋಕಾಗಲ್ಲ ಅಂದ್ಲು" ಎಂದ ಸಂದ್ಯಾಗಪ್ಪ.

ಒಂದನ್ನು ಮುಚ್ಚಿಡಲು ಹೋದವನು ಇನ್ನೊಂದನ್ನೂ ಮುಚ್ಚಬೇಕಾಗುತ್ತದೆ.

ಗುರುವಾರ ಬಂತು. ಸಂದ್ಯಾಗಪ್ಪನಿಗೆ ಬೆಳಿಗ್ಗೆಯೇ ಚಳಿಜ್ವರ. ಅಗ್ನೇಸಮ್ಮ ಬಾಗಿಲಿಗೆ ಅಡ್ಡ ನಿಂತು ಅತ್ತಳು. ಅವನು ಎರಡು ಮಾತ್ರೆ ನುಂಗಿ ಹೊರಟೇಬಿಟ್ಟ. ಸಂಜೆಯ ಹೊತ್ತಿಗೆ ಗುಡಿ ಒಳ್ಳೆಯ ಮದುವೆ ಮನೆಯ ಹಾಗೆ ಕಾಣುತ್ತಿತ್ತು. ಬಲಿಪೀಠದ ಮೇಲೆ ಗರಿಗರಿ ಬಿಳಿ ಬಟ್ಟೆ. ಹನ್ನೆರಡು ಕುರ್ಚಿ. ಪ್ರತಿ ಕುರ್ಚಿಗೂ ಬಿಳಿ ಹೊದಿಕೆ. ಜನ ಕಿಕ್ಕಿರಿದಿದ್ದರು. ವೀಡಿಯೊ ತೆಗೆಯುವವನು ಮುಂದೆಯೇ ನಿಂತಿದ್ದ.

ಶುಭಸಂದೇಶ ಓದಿ, ಪ್ರಬೋಧನೆ ಮುಗಿಸಿ, ಗುರುಗಳು ಮೇಲುವಸ್ತ್ರ ತೆಗೆದಿಟ್ಟು ಸೊಂಟಕ್ಕೆ ಟವೆಲು ಕಟ್ಟಿಕೊಂಡರು. ಕುರ್ಚಿಗಳತ್ತ ತಿರುಗಿ ನೋಡಿದರೆ ಒಂದು ಕುರ್ಚಿ ಖಾಲಿ. ಪೇಟೆಯ ಶಾಲೆಯಿಂದ ಶರ್ಲಿ ಟೀಚರ್ ಬರಬೇಕಾಗಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಪಾಪ, ಅವಳು ಅಲ್ಲಿ ರಸ್ತೆ ಬದಿಯಲ್ಲಿ ನಿಂತಿದ್ದಳು.

ಫಾದರ್ ಕ್ಲೆಮೆಂಟ್ ಪಕ್ಕದಲ್ಲಿದ್ದ ಸಂದ್ಯಾಗಪ್ಪನ ಕಡೆ ತಿರುಗಿ ನಕ್ಕರು. "ನೀವೇ ಬನ್ನಿ. ನಿಮ್ಮ ಜಾಗ ನಿಮ್ಮನ್ನ ಬಿಡ್ತಾ ಇಲ್ಲ. ಬೂಟು ಬಿಚ್ಚಿ ಕೂತ್ಕೊಳ್ಳಿ."

ಇಡೀ ಗುಡಿ ಅವನನ್ನೇ ನೋಡುತ್ತಿತ್ತು. ಅವನ ಕಣ್ಣು ಸಾಲುಸಾಲು ಬೆಂಚು ದಾಟಿ, ಹಿಂದಿನ ಕಂಬದ ಹತ್ತಿರ ಜಪಸರ ಹಿಡಿದು ಕೂತಿದ್ದವಳ ಮೇಲೆ ನಿಂತಿತು.

"ಕತ್ರಿನಮ್ಮ ಇದಾಳಲ್ಲ ಸ್ವಾಮಿ" ಎಂದ. "ಅವಳು ಕೂತ್ಕೊಳ್ಳಲಿ."

"ಅವರಿಗೆ ಕೆಲಸ ಇದೆ, ಬರಲ್ಲ ಅಂದಿದ್ರಿ?"

ಗುರುಗಳು ಹಿಂದೆ ತಿರುಗಿ, "ಕತ್ರಿನಮ್ಮ, ಬನ್ನಿ" ಎಂದು ಕರೆದರು. ಅವಳು ಎದ್ದು ನಡುವಿನ ದಾರಿಯಲ್ಲಿ ನಡೆದು ಬಂದಳು. ಬರಿಗಾಲು. ಒಗೆದು ಒಗೆದು ಬಣ್ಣ ಹೋದ ನೀಲಿ ಸೀರೆ. ಬುಧವಾರ ಬೆಂಚಿನಲ್ಲಿ ಕೂತಿದ್ದ ಹನ್ನೊಂದು ಜನರೂ, ಈಗ ಇವಳು ಎಲ್ಲವನ್ನೂ ಹೇಳಿಬಿಡುತ್ತಾಳೆ ಎಂದುಕೊಂಡರು.

ಅವಳು ಖಾಲಿ ಕುರ್ಚಿಯ ಹತ್ತಿರ ಹೋಗಲಿಲ್ಲ. ಸಂದ್ಯಾಗಪ್ಪನ ಹತ್ತಿರ ಬಂದು ನಿಂತಳು. ಅವನ ಹಣೆಯ ಮೇಲೆ ಬೆವರು ನೋಡಿದಳು. ಕೈ ಮುಟ್ಟಿದಳು. ಕೆಂಡದ ಹಾಗೆ ಸುಡುತ್ತಿತ್ತು.

"ಅಣ್ಣ, ನನ್ನ ಕಾಲಲ್ಲಿರೋದು ಬರೀ ಮಣ್ಣು" ಎಂದು ಮೆಲ್ಲಗೆ ಹೇಳಿದಳು. "ಈ ಕುರ್ಚಿ ಇವತ್ತು ನಿಮಗೇ ಬೇಕು. ಕೂತ್ಕೊಳ್ಳಿ."

"ಎಲ್ಲಾ ನೋಡ್ತಾರೆ, ಕತ್ರಿನಮ್ಮ."

"ನೋಡ್ಲಿ ಬಿಡಿ. ನಾನು ಪಕ್ಕದಲ್ಲೇ ನಿಂತಿರ್ತೀನಿ."

ಪಕ್ಕದ ಬಾಗಿಲು ನಾಲ್ಕೇ ಹೆಜ್ಜೆ ದೂರದಲ್ಲಿತ್ತು. ತಲೆ ಸುತ್ತುತ್ತಿದೆ ಎಂದು ಹೇಳಿ ಹೊರಗೆ ಹೋಗಿಬಿಡಬಹುದಿತ್ತು. ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವನು ಆ ಬಾಗಿಲನ್ನು ಒಮ್ಮೆ ನೋಡಿದ. ಒಂದು ತಿಂಗಳಿಂದ ಮುಚ್ಚಿಟ್ಟು ಮುಚ್ಚಿಟ್ಟು ಅವನಿಗೂ ಸಾಕಾಗಿ ಹೋಗಿತ್ತು. ಕುರ್ಚಿಯ ಮೇಲೆ ಕುಳಿತ. ಬಾಗಿ ಲೇಸಿಗೆ ಕೈ ಹಾಕಿದ. ಗಂಟು ಬಿಚ್ಚಲಾಗಲಿಲ್ಲ. ಕತ್ರಿನಮ್ಮನೇ ನೆಲಕ್ಕೆ ಕೂತು ಬಿಚ್ಚಿದಳು.

ಬೂಟು ಕಳಚಿ ಬಂತು. ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿತ್ತು. ಅದನ್ನು ನೀರಲ್ಲಿ ನೆನೆಸಿ ನೆನೆಸಿ ಬಿಡಿಸಿದಳು. ಎರಡು ಬೆರಳು ಕಪ್ಪಾಗಿದ್ದವು.

ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು. ಯಾರೋ "ಯೇಸುವೇ" ಎಂದರು. ವೀಡಿಯೊದವನು ಕ್ಯಾಮೆರಾವನ್ನು ಮೆಲ್ಲನೆ ಶಿಲುಬೆಯ ಕಡೆ ತಿರುಗಿಸಿದ. ಫಾದರ್ ಕ್ಲೆಮೆಂಟ್ ಹೂಜಿ ಹಿಡಿದುಕೊಂಡು ಮಂಡಿಯೂರಿದವರು ಹಾಗೇ ಇದ್ದುಬಿಟ್ಟರು. ಅವರ ಗಂಟಲಿಗೆ ವಾಂತಿ ಬಂದಂತಾಯಿತು. ಅವರೂ ಮನುಷ್ಯರೇ ಅಲ್ಲವೇ? ಕೈ ಮುಂದೆ ಹೋಗಲಿಲ್ಲ.

ಕತ್ರಿನಮ್ಮ ಅವರ ಪಕ್ಕಕ್ಕೆ ಸರಿದಳು. ಆ ಕಾಲನ್ನು ತನ್ನ ಎಡ ಅಂಗೈ ಮೇಲೆ, ಹಸುಗೂಸಿನ ತಲೆ ಹಿಡಿಯುವ ಹಾಗೆ ಹಿಡಿದುಕೊಂಡಳು.

"ಸ್ವಾಮಿ, ಹಿಂಗೆ ಹಿಡ್ಕೊಳ್ಳಿ. ಹುಣ್ಣಿನ ಮೇಲೆ ನೀರು ಬಿಡ್ಬೇಡಿ, ಹಿಮ್ಮಡಿಗೆ ಬಿಡಿ ಸಾಕು. ಮೂಗಲ್ಲಿ ಉಸಿರಾಡ್ಬೇಡಿ, ಬಾಯಲ್ಲಿ ಎಳ್ಕೊಳ್ಳಿ. ಸ್ವಲ್ಪ ಹೊತ್ತಿಗೆ ಅಭ್ಯಾಸ ಆಗುತ್ತೆ."

ಒಬ್ಬ ಮಣ್ಣು ತುಳಿಯುವ ಹೆಂಗಸು ಹೇಳಿಕೊಟ್ಟಳು. ಗುರುಗಳು ಕಲಿತರು. ಹಿಮ್ಮಡಿಗೆ ನೀರು ಬಿಟ್ಟರು, ಟವೆಲಿನಿಂದ ಒತ್ತಿ ಒರೆಸಿದರು, ಬಾಗಿ ಆ ಪಾದಕ್ಕೆ ಮುತ್ತಿಟ್ಟರು. ಸಂದ್ಯಾಗಪ್ಪ ಮುಖ ಮುಚ್ಚಿಕೊಂಡು ಅತ್ತ. ಬಹಳ ದಿನದ ಮೇಲೆ ಅವನು ಜನರ ಮುಂದೆ ಅತ್ತಿದ್ದ. ಬೆಂಚುಗಳಲ್ಲಿ ಮೂಗು ಮುಚ್ಚಿದ್ದ ಕೈಗಳು ಒಂದೊಂದಾಗಿ ಕೆಳಗಿಳಿದವು.

"ಕತ್ರಿನಮ್ಮ, ನೀವೂ ಕೂತ್ಕೊಳ್ಳಿ" ಎಂದರು ಗುರುಗಳು. "ಹದಿಮೂರನೆಯವರು ನೀವು."

"ಅದೆಲ್ಲ ಆಮೇಲೆ ಸ್ವಾಮಿ. ಈ ಯಪ್ಪನ್ನ ಈಗಲೇ ಕರ್ಕೊಂಡು ಹೋಗ್ಬೇಕು. ಜ್ವರ ಮೈಗೇರಿದೆ. ಯಾರದಾದ್ರೂ ಗಾಡಿ ಇದೆಯಾ?"

ನಾಲ್ಕು ಜನ ಎದ್ದರು. ಕುರ್ಚಿಯ ಬಿಳಿ ಹೊದಿಕೆಯನ್ನೇ ಎಳೆದು ಕತ್ರಿನಮ್ಮ ಅವನ ಕಾಲಿಗೆ ಸಡಿಲವಾಗಿ ಸುತ್ತಿದಳು. ಒಂದು ಓಮ್ನಿ ವ್ಯಾನು ಗುಡಿಯ ಬಾಗಿಲಿಗೇ ಬಂತು. ಅಗ್ನೇಸಮ್ಮ ಒಂದು ಕಡೆ, ಕತ್ರಿನಮ್ಮ ಇನ್ನೊಂದು ಕಡೆ ಕೂತರು. ದಾರಿಯುದ್ದಕ್ಕೂ ಆ ಕಾಲು ಕತ್ರಿನಮ್ಮನ ಮಡಿಲಲ್ಲಿತ್ತು. ಇತ್ತ ಗುಡಿಯಲ್ಲಿ ಗುರುಗಳು ಉಳಿದ ಹನ್ನೊಂದು ಜನರ ಪಾದ ತೊಳೆದರು. ಉಗುರು ಕತ್ತರಿಸಿ, ಉಜ್ಜಿ, ಹೊಳೆಯುವಂತೆ ಮಾಡಿಕೊಂಡು ಬಂದ ಕಾಲುಗಳು. ಅವರಲ್ಲಿ ಒಬ್ಬರಿಗೂ ತಮ್ಮ ಕಾಲು ಕ್ಯಾಮೆರಾದಲ್ಲಿ ಹೇಗೆ ಕಾಣುತ್ತಿದೆ ಎಂಬ ಯೋಚನೆ ಬರಲಿಲ್ಲ.

ಪೇಟೆಯ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಕಾಲು ಉಳಿಯಿತು. "ಇನ್ನೆರಡು ದಿನ ತಡ ಮಾಡಿದ್ರೆ ಮಂಡಿವರೆಗೆ ತೆಗೀಬೇಕಾಗ್ತಿತ್ತು. ಪ್ರಾಣಕ್ಕೂ ಹೇಳೋಕಾಗ್ತಿರ್ಲಿಲ್ಲ" ಎಂದರು ಡಾಕ್ಟರು. ಅಂದರೆ ಪಾಸ್ಕ ಹಬ್ಬ ಮುಗಿಯಲಿ ಎಂದು ಕಾದಿದ್ದರೆ ಸಂದ್ಯಾಗಪ್ಪ ಆ ಹಬ್ಬವನ್ನೇ ಕಾಣುತ್ತಿದ್ದನೋ ಇಲ್ಲವೋ.

ಪಾಸ್ಕದ ಭಾನುವಾರ ಅವನು ಆಸ್ಪತ್ರೆಯ ಮಂಚದ ಮೇಲಿದ್ದ. ಕ್ರಿಸ್ತರು ಸಾವಿನಿಂದ ಎದ್ದರು ಎಂದು ಊರಿನ ಗುಡಿಯ ಗಂಟೆ ಹೊಡೆಯುವ ಹೊತ್ತಿಗೆ ಅವನು ಕಿಟಕಿಯಾಚೆ ಬೆಳಕು ಹರಿಯುವುದನ್ನು ನೋಡುತ್ತ ಒಂದು ಜಪಮಾಲೆ ಪೂರ್ತಿ ಮಾಡಿದ. ಒಂದೊಂದು ಮಣಿಗೂ ಆ ಸಂಜೆ ಅಂಗಳದ ಬೆಂಚಿನಿಂದ ತಲೆ ತಗ್ಗಿಸಿ ಎದ್ದು ಹೋದವಳೇ ಕಣ್ಣ ಮುಂದೆ ಬಂದಳು.

ಮೂರು ವಾರಕ್ಕೆ ಊರಿಗೆ ಬಂದ. ಮೊದಲ ಶನಿವಾರವೇ ಕೋಲೂರಿಕೊಂಡು ಗುಡಿಗೆ ಹೋಗಿ, ಗುರುಗಳ ಬಳಿ ಪಾಪನಿವೇದನೆ ಮಾಡಿದ. ಏನು ಹೇಳಿದನೋ, ಅವರು ಏನು ಹೇಳಿದರೋ ನಮಗೆ ಗೊತ್ತಿಲ್ಲ. ಪಾಪನಿವೇದನೆಯ ಮಾತು ಅಲ್ಲಿಂದ ಆಚೆ ಬರುವುದಿಲ್ಲ. ಆದರೆ ಹೊರಗೆ ಬಂದವನು ಮನೆಯ ದಾರಿ ಹಿಡಿಯಲಿಲ್ಲ. ಇಟ್ಟಿಗೆ ಗೂಡಿನ ಹಿಂದಿನ ಬೀದಿಗೆ, ಕತ್ರಿನಮ್ಮನ ಮನೆಗೆ ನಡೆದ.

ಅವಳು ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದಳು. ಅವನನ್ನು ಕಂಡು ಎದ್ದಳು.

"ಅಕ್ಕ, ಕೂತ್ಕೊಳ್ಳಿ" ಎಂದ ಸಂದ್ಯಾಗಪ್ಪ.

ಅವನ ಬಾಯಲ್ಲಿ ಆ ಮಾತನ್ನು ಅವಳು ಎಂದೂ ಕೇಳಿರಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟಳು.

"ನಾನು ಸ್ವಾಮೇರಿಗೆ ಸುಳ್ಳು ಹೇಳಿದೆ. ನಿಮಗೆ ಕೆಲಸ ಇದೆ ಅಂತ. ನಾಳೆ ಪೂಜೆ ಮುಗಿದ ಮೇಲೆ ಎಲ್ಲರ ಮುಂದೇನೂ ಹೇಳ್ತೀನಿ. ಮೊದಲು ನಿಮಗೆ ಹೇಳಬೇಕಾಗಿತ್ತು. ತಪ್ಪಾಯ್ತು. ನಿಮ್ಮ ಪಾದ ನಾನೇ ತೊಳೀತೀನಿ ಅಂತ ಬಂದೆ."

ಕತ್ರಿನಮ್ಮ ಜೋರಾಗಿ ನಕ್ಕುಬಿಟ್ಟಳು. "ನಿಮಗೆ ಬಾಗೋಕೇ ಆಗಲ್ಲ, ಇನ್ನು ಕಾಲು ತೊಳೀತೀರಾ? ಬಿದ್ದೀರಿ. ಆಮೇಲೆ ಮತ್ತೆ ನಾನೇ ಎತ್ತಬೇಕು."

ಅವನೂ ನಕ್ಕ. ಆಮೇಲೆ ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದ. "ಅವತ್ತು ಅಂಗಳದಲ್ಲಿ ನಿಮಗೆ ಗೊತ್ತಾಗಿತ್ತು. ನಾನು ಅಷ್ಟು ಜನರ ಮುಂದೆ ನಿಮ್ಮನ್ನ ಹಂಗೆ ಅಂದೆ. ನೀವು ಯಾಕೆ ಜೋರಾಗಿ ಹೇಳ್ಲಿಲ್ಲ ಅಕ್ಕ?"

ಅವಳು ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. "ಹೇಳೋಣ ಅನ್ನಿಸ್ತು. ನಾನೇನು ದೇವತೆನಾ? ಬಾಯಿಗೆ ಬಂದಿತ್ತು. ಆದ್ರೆ ನಿಮ್ಮ ಕಾಲಲ್ಲಿ ಹುಣ್ಣಿತ್ತಲ್ಲ. ಹುಣ್ಣಿರೋ ಕಾಲು ತುಳಿಯೋಕೆ ನನಗೆ ಬರಲ್ಲ ಕಣಣ್ಣ. ನನಗೆ ಬರೋದು ಮಣ್ಣು ತುಳಿಯೋಕೆ ಮಾತ್ರ."

ಸಂದ್ಯಾಗಪ್ಪ ಕೋಲನ್ನು ಗೋಡೆಗೊರಗಿಸಿ ಕೂತು ಹೇಳಿದ. "ಹಂಗಾದ್ರೆ ನಿಮ್ಮ ಕೆಲಸ ನನಗೂ ಕಲಿಸಿ. ಕಾಲು ಸರಿ ಇಲ್ಲದಿದ್ರೂ ಕೈ ಚೆನ್ನಾಗಿದೆ. ಬಟ್ಟೆ ಕತ್ತರಿಸೋಕೆ ಬರುತ್ತೆ."

ಮರುದಿನ ಭಾನುವಾರ ಪೂಜೆ ಮುಗಿದ ಮೇಲೆ ಅವನು ಬಲಿಪೀಠದ ಕೆಳಗೆ ನಿಂತು, ಬುಧವಾರ ನಡೆದದ್ದನ್ನೂ ಗುರುಗಳಿಗೆ ತಾನು ಹೇಳಿದ ಸುಳ್ಳನ್ನೂ ನಾಲ್ಕೇ ವಾಕ್ಯದಲ್ಲಿ ಹೇಳಿದ. ಅವನ ಮರ್ಯಾದೆ ಕಡಿಮೆಯಾಗಲಿಲ್ಲ. ಅವನು ಹೆದರಿದ್ದು ಸುಮ್ಮನೆ.

ಆ ವಾರವೇ ಊರಿನ ಹಳೆಯ ಹತ್ತಿ ಸೀರೆಗಳನ್ನು ಸಂದ್ಯಾಗಪ್ಪ ಕೇಳಿ ತಂದ. ಒಗೆಸಿ, ಕುದಿಸಿ, ಬಿಸಿಲಿಗೆ ಹಾಕಿ, ನಾಲ್ಕು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಸುರುಳಿ ಸುತ್ತಿದ. ಅಂಥ ಅಚ್ಚುಕಟ್ಟಾದ ಪಟ್ಟಿಯನ್ನು ಕತ್ರಿನಮ್ಮ ದವಾಖಾನೆಯಲ್ಲೂ ಕಂಡಿರಲಿಲ್ಲ. ಮುಂದಿನ ಸೋಮವಾರ ಬೆಳಿಗ್ಗೆ ಇಬ್ಬರೂ ಹೊರಟರು.

ಮೊದಲ ಮನೆ ಮುನಿಯಪ್ಪನದು. ತೊಂಬತ್ತರ ಮುದುಕ. ಹದಿನೈದು ವರ್ಷದಿಂದ ಎರಡು ಕಣ್ಣೂ ಕಾಣುತ್ತಿರಲಿಲ್ಲ. ಕಣ್ಣು ಹೋದ ಮೇಲೆ ಬೇರೆ ಊರಿಂದ ಬಂದು ನೆಲೆಸಿದವನು. ಕಣ್ಣಿದ್ದಾಗ ಕತ್ರಿನಮ್ಮನನ್ನು ನೋಡಿದವನೇ ಅಲ್ಲ. ಮಲಗಿ ಮಲಗಿ ಬೆನ್ನಿನಲ್ಲಿ ಹುಣ್ಣಾಗಿ ಎರಡು ವರ್ಷವಾಗಿತ್ತು. ಅವಳು ದಿನ ಬಿಟ್ಟು ದಿನ ಬಂದು ತೊಳೆಯುತ್ತಿದ್ದಳು.

ಆ ದಿನ ಅವಳು ನೀರು ಕಾಯಿಸಲು ಒಳಗೆ ಹೋದಳು. ಸಂದ್ಯಾಗಪ್ಪ ಮುದುಕನ ಪಕ್ಕ ಕೂತು ಹಳೆಯ ಪಟ್ಟಿ ಬಿಚ್ಚತೊಡಗಿದ. ವಾಸನೆ ಮುಖಕ್ಕೆ ಹೊಡೆಯಿತು. ಅವನ ಕೈ ಹಿಂದೆ ಬರಲಿಲ್ಲ. ಬಾಯಲ್ಲಿ ಉಸಿರೆಳೆದುಕೊಂಡು, ಒಂದೊಂದೇ ಸುತ್ತನ್ನು ಬಿಡಿಸಿದ.

ಹೊಸ ಕೈ ಎಂದು ಮುದುಕನಿಗೆ ತಿಳಿಯಿತು. "ಯಾರಪ್ಪಾ ಅದು?"

"ಟೈಲರ್ ಸಂದ್ಯಾಗಪ್ಪ, ತಾತ. ಕತ್ರಿನಮ್ಮನ ಹತ್ರ ಕೆಲಸ ಕಲೀತಾ ಇದೀನಿ."

"ಓ, ಅವಳ ಕಡೆಯೋನಾ?" ಮುದುಕನ ಹಲ್ಲಿಲ್ಲದ ಬಾಯಿ ಅಗಲವಾಯಿತು. "ಅಯ್ಯೋ, ಎಂಥ ಚೆಂದದ ಹೆಣ್ಣುಮಗಳಪ್ಪಾ ಅವಳು! ಈ ಊರಲ್ಲಿ ಅವಳಷ್ಟು ಚೆಂದ ಇರೋರು ಇನ್ಯಾರಾದ್ರೂ ಇದಾರಾ?"

ಬಿಸಿನೀರಿನ ಪಾತ್ರೆ ಹಿಡಿದುಕೊಂಡು ಕತ್ರಿನಮ್ಮ ಬಾಗಿಲಲ್ಲಿ ನಿಂತಿದ್ದಳು. ಬೆಳಗಿನ ಬಿಸಿಲು ಅವಳ ಮುಖದ ಮೇಲೆ ಬಿದ್ದಿತ್ತು. ಒಂದೊಂದು ಕುಳಿಯೂ ಕಾಣುತ್ತಿತ್ತು. ಸಂದ್ಯಾಗಪ್ಪ ತಲೆಯೆತ್ತಿ ಆ ಮುಖವನ್ನು ಬಹಳ ಹೊತ್ತು ನೋಡಿದ.

"ಇಲ್ಲ ತಾತ" ಎಂದ. "ನಾನು ನೋಡ್ದಂಗೆ ಯಾರೂ ಇಲ್ಲ."

"ಮಾತು ಸಾಕು, ನೀರು ಆರೋಗುತ್ತೆ" ಎಂದಳು ಕತ್ರಿನಮ್ಮ. ಇಬ್ಬರೂ ಕೆಲಸಕ್ಕೆ ಬಾಗಿದರು.

ನೀತಿ: ಮನುಷ್ಯರ ಕಣ್ಣಿಗೆ ಬಟ್ಟೆ, ಬಣ್ಣ, ಮುಖ ಮೊದಲು ಕಾಣುತ್ತವೆ. ದೇವರು ನೋಡುವುದು ಹೃದಯವನ್ನು. ಮುಚ್ಚಿಟ್ಟ ಹುಣ್ಣಿಗೆ ಎಷ್ಟು ಅತ್ತರು ಹಚ್ಚಿದರೂ ಅದು ವಾಸಿಯಾಗುವುದಿಲ್ಲ. ಬಿಚ್ಚಿ ತೋರಿಸಿದರೆ ತೊಳೆಯುವವರು ಸಿಗುತ್ತಾರೆ. ತನ್ನನ್ನು ಹಳಿದವನ ಗಾಯವನ್ನೂ ಯಾರು ಮರ್ಯಾದೆಯಿಂದ ಮುಟ್ಟುತ್ತಾರೋ ಅವರೇ ನಿಜವಾಗಿ ಚೆಂದದವರು. ಆ ಚೆಂದ ಕನ್ನಡಿಯಲ್ಲಿ ಕಾಣುವುದಿಲ್ಲ, ಮಕ್ಕಳೇ. ಆದರೆ ಕುರುಡನಿಗೂ ಕಾಣುತ್ತದೆ.